ಮನೆ ಮಾರುವವರೆಗಿನ ಸಾಲ: ಒಂದು ಐತಿಹಾಸಿಕ ವಿಚಾರ

ಸಂಸಾರಸ್ಥರಿಗೆ ಏನೂ ಇಲ್ಲದ ಬಡತನವೊಂದು, ಆಸ್ತಿಯಿದ್ದೂ ಕೈಯಲ್ಲಿ ಹಣವಿಲ್ಲದ ಬಡತನ ಮತ್ತೊಂದು. ಎರಡನೆಯದು ನೆರೆಹೊರೆಯವರ ಕಣ್ಣಿಗೆ ಬೀಳುವುದಿಲ್ಲ. ಹಿರಿಯರು ಕಟ್ಟಿಸಿದ ಮನೆ ನಿಂತಿದೆ; ಅದಕ್ಕೆ ಬೆಲೆಯೂ ಇದೆ; ಅದನ್ನು ಮಾರಿಬಿಡುವುದೆಂದು ಮನೆಮಂದಿಯೆಲ್ಲ ಕೂಡಿ ನಿಶ್ಚಯಿಸಿಯೂ ಆಗಿದೆ. ಆದರೆ ಕೊಳ್ಳುವವನು ಬರಬೇಕು. ಬಂದವನು ಹಳೆಯ ಪತ್ರಗಳನ್ನು ನೋಡಿಸಬೇಕು. ದಾಯಾದಿಗಳು ರುಜು ಹಾಕಬೇಕು. ಕ್ರಯದ ಹಣ ಕೂಡಿಬರಬೇಕು. ಅಷ್ಟರೊಳಗೆ ಮಗಳ ಮದುವೆಯ ಲಗ್ನ, ಮಗನ ವಿದ್ಯಾಭ್ಯಾಸದ ವೆಚ್ಚ, ಬೇರೆ ಊರಿನಲ್ಲಿ ಗೊತ್ತುಮಾಡಿದ ಮನೆಗೆ ಸಲ್ಲಬೇಕಾದ ಹಣ, ಇವು ಯಾವುವೂ ಕಾಯುವುದಿಲ್ಲ. ಇಂತಹ ಆರು ತಿಂಗಳು ಅಥವಾ ಒಂದು ವರ್ಷದ ಇಕ್ಕಟ್ಟಿನಲ್ಲಿ ನೂರರ ಮನೆಯನ್ನು ನಲವತ್ತಕ್ಕೆ ಕಳೆದುಕೊಂಡವರ ಕಥೆ ಪ್ರತಿಯೊಂದು ಊರಿನಲ್ಲಿಯೂ ಒಂದೆರಡಾದರೂ ಇರುವುದು.

ಈ ನಡುವಣ ಕಾಲವನ್ನು ದಾಟಿಸುವ ಸಾಲಕ್ಕೆ ಇಂದಿನ ಬ್ಯಾಂಕುಗಳು ‘ಬ್ರಿಡ್ಜ್ ಲೋನ್’ ಎಂದು ಹೆಸರಿಟ್ಟಿವೆ. ನಾವು ಸೇತುಸಾಲ ಎನ್ನೋಣ. ಹೆಸರು ಹೊಸದು, ವಿಷಯ ಹೊಸದಲ್ಲ. ಆಸ್ತಿಯನ್ನು ಒತ್ತೆಯಿಟ್ಟು ಅಲ್ಪಕಾಲಕ್ಕೆ ಹಣ ಪಡೆಯುವ ಪದ್ಧತಿಯನ್ನು ನಮ್ಮ ಧರ್ಮಶಾಸ್ತ್ರಕಾರರು ಕೂಲಂಕಷವಾಗಿ ವಿಚಾರಮಾಡಿದ್ದರು. ಒತ್ತೆಯ ನ್ಯಾಯದ ಇತಿಹಾಸವನ್ನು ಮೊದಲಿನಿಂದ ನೋಡಿದರೆ ಅದರಲ್ಲಿ ಮತ್ತೆ ಮತ್ತೆ ಎದ್ದುಬರುವ ಪ್ರಶ್ನೆ ಒಂದೇ: ಹೇಳಿದ ದಿನಕ್ಕೆ ಹಣ ಬಾರದೆ ಹೋದರೆ ಋಣಿಕನಿಗೆ ಇನ್ನೆಷ್ಟು ಕಾಲ ಅವಕಾಶ ಕೊಡಬೇಕು? ಈ ಪ್ರಶ್ನೆಗೆ ಬೇರೆ ಬೇರೆ ಕಾಲಗಳಲ್ಲಿ ದೊರೆತ ಉತ್ತರಗಳನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

ಮಿತಾಕ್ಷರೆಯ ಹೆಸರನ್ನು ಕೇಳದ ವಿದ್ಯಾವಂತ ಮನೆತನಗಳು ನಮ್ಮಲ್ಲಿ ವಿರಳ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವದು. ಆ ಕಲ್ಯಾಣವೇ ಇಂದು ಬೀದರ ಜಿಲ್ಲೆಗೆ ಸೇರಿರುವ ಬಸವಕಲ್ಯಾಣ. ಕೋಲ್‌ಬ್ರೂಕನು ೧೮೧೦ರಲ್ಲಿ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಿರುಗಿಸಿದಂದಿನಿಂದ ಈ ಗ್ರಂಥವು ಆಸ್ತಿ ಪಾಲಿನ ವ್ಯಾಜ್ಯಗಳಿಗೇ ಮೀಸಲಾದಂತೆ ಜನರು ಭಾವಿಸಿರುವರು. ಆದರೆ ಅದರ ವ್ಯವಹಾರಾಧ್ಯಾಯದಲ್ಲಿರುವ ಋಣಾದಾನ ಪ್ರಕರಣವು, ಸಾಲ ಕೊಡುವವರೂ ತೆಗೆದುಕೊಳ್ಳುವವರೂ ಇಂದಿಗೂ ಓದತಕ್ಕದ್ದಾಗಿದೆ.

ಅಲ್ಲಿ ಮೊದಲು ಗಮನಿಸತಕ್ಕ ವಿಷಯವು ಬಡ್ಡಿಯದು. ಒತ್ತೆಯಿದ್ದ ಸಾಲಕ್ಕೆ ತಿಂಗಳಿಗೆ ಅಸಲಿನ ಎಂಬತ್ತನೆಯ ಒಂದು ಭಾಗವನ್ನು ಯಾಜ್ಞವಲ್ಕ್ಯನು ಗೊತ್ತುಮಾಡಿರುವನು. ಎಂದರೆ ನೂರಕ್ಕೆ ತಿಂಗಳಿಗೆ ಒಂದೂಕಾಲು, ವರ್ಷಕ್ಕೆ ೧೫. ಒತ್ತೆಯಿಲ್ಲದ ಸಾಲಕ್ಕಾದರೋ ಋಣಿಕನ ವರ್ಣವನ್ನನುಸರಿಸಿ ತಿಂಗಳಿಗೆ ನೂರಕ್ಕೆ ೨ರಿಂದ ೫ರವರೆಗೆ. ವರ್ಷಕ್ಕೆ ೨೪ರಿಂದ ೬೦. ವರ್ಣವನ್ನು ನೋಡಿ ಬಡ್ಡಿ ಹಾಕುವ ಈ ಕ್ರಮವನ್ನು ನಾವು ಒಪ್ಪಲಾರೆವು; ಕಡಿಮೆ ಉಳ್ಳವನೇ ಹೆಚ್ಚು ತೆರಬೇಕಾದ ಅನ್ಯಾಯವದು. ಆದರೆ ಒತ್ತೆಯಿಟ್ಟವನಿಗೆ ಬಡ್ಡಿ ಕಡಿಮೆಯಾಗಬೇಕೆಂಬ ತತ್ತ್ವವು ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ. ಮನೆಯಿದ್ದವನು ಅದನ್ನು ಆಧಾರ ಮಾಡದೆ ಅವಸರಕ್ಕೆ ಕೈಸಾಲ ಮಾಡಿದರೆ, ತನ್ನಲ್ಲಿರುವ ಬಲವನ್ನು ತಾನೇ ಬಿಟ್ಟುಕೊಟ್ಟಂತಾಗುವುದು.

ಎರಡನೆಯದು ಒತ್ತೆಯ ಭೇದ. ಒತ್ತೆಗೆ ಶಾಸ್ತ್ರದಲ್ಲಿ ‘ಆಧಿ’ ಎಂದು ಹೆಸರು. ಧನಿಕನು ಮುಟ್ಟದೆ ಕಾಪಾಡಬೇಕಾದದ್ದು ಗೋಪ್ಯಾಧಿ. ಬಡ್ಡಿಗೆ ಬದಲಾಗಿ ಅನುಭವಿಸಬಹುದಾದ ಹೊಲ, ತೋಟ, ಮನೆ ಮೊದಲಾದದ್ದು ಭೋಗ್ಯಾಧಿ. ಗೋಪ್ಯಾಧಿಯು ಸಾಲವು ಬಡ್ಡಿಯಿಂದ ಇಮ್ಮಡಿಯಾದಾಗಲೂ, ಅವಧಿಯಿಟ್ಟ ಆಧಿಯು ಆ ಅವಧಿ ಮುಗಿದಾಗಲೂ, ಬಿಡಿಸಿಕೊಳ್ಳದಿದ್ದಲ್ಲಿ ಋಣಿಕನ ಕೈಬಿಟ್ಟುಹೋಗುವುದು. ಭೋಗ್ಯಾಧಿಯಾದರೋ ಎಂದಿಗೂ ಕೈಬಿಡುವುದಿಲ್ಲ. ಅಸಲನ್ನು ಕೊಟ್ಟ ದಿನ ಅದು ಹಿಂದಕ್ಕೆ ಬರತಕ್ಕದ್ದು. ಅವಧಿ ಮುಗಿದೊಡನೆಯೇ ಧನಿಕನು ಒಡೆಯನಾಗಿಬಿಡುವನೇ ಎಂಬ ಶಂಕೆಗೆ ವಿಜ್ಞಾನೇಶ್ವರನು ಬೃಹಸ್ಪತಿಯ ವಚನವನ್ನು ಆಧಾರವಾಗಿ ತೋರಿಸುವನು: ಧನಿಕನು ಇನ್ನೂ ಎರಡು ಸಪ್ತಾಹ ಕಾಯಬೇಕು, ಅಷ್ಟರೊಳಗೆ ಹಣ ಕೊಟ್ಟರೆ ಒತ್ತೆಯನ್ನು ಬಿಡಬೇಕು. ಹದಿನಾಲ್ಕು ದಿನ! ಇಂದಿಗೆ ಇದು ಅತ್ಯಲ್ಪವಾಗಿ ತೋರುವುದು. ಆದರೂ ಕರಾರಿನ ದಿನವೇ ಕೊನೆಯ ದಿನವಲ್ಲ, ಅದರಾಚೆಗೂ ನ್ಯಾಯಕ್ಕೆ ಸ್ವಲ್ಪ ಎಡೆಯಿದೆ ಎಂಬ ಭಾವನೆ ಇಲ್ಲಿಯೇ ಮೊಳೆತಿರುವುದನ್ನು ನೋಡಬಹುದು.

ಮೂರನೆಯದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟದ್ದು. ಹಣ ತೆಗೆದುಕೊಂಡು ಬಂದ ಋಣಿಕನಿಗೆ ಒತ್ತೆಯನ್ನು ಬಿಟ್ಟುಕೊಡದ ಧನಿಕನು ಕಳ್ಳನೆಂದು ಯಾಜ್ಞವಲ್ಕ್ಯನು ಹೇಳಿರುವನು. ಧನಿಕನು ಊರಲ್ಲಿಲ್ಲ, ಅವನ ಪರವಾಗಿ ಹಣ ತೆಗೆದುಕೊಳ್ಳುವ ಆಪ್ತರೂ ಇಲ್ಲ, ಅಥವಾ ಒತ್ತೆಯ ವಸ್ತುವನ್ನೇ ಮಾರಿ ಸಾಲ ತೀರಿಸಬೇಕೆಂದು ಋಣಿಕನು ಇಚ್ಛಿಸುವನು, ಆಗೇನು ಗತಿ? ಆ ದಿನದಲ್ಲಿ ಒತ್ತೆಗೆ ಇರುವ ಬೆಲೆಯನ್ನು ಗೊತ್ತುಮಾಡಿ, ಅದನ್ನು ಬಡ್ಡಿಯಿಲ್ಲದೆ ಧನಿಕನಲ್ಲಿಯೇ ನಿಲ್ಲಿಸಬೇಕೆಂದು ಮಿತಾಕ್ಷರೆಯು ವಿವರಿಸುವುದು. ಮಾರಿ ತೀರಿಸಲು ಸಿದ್ಧನಾದವನ ಮೇಲೆ ಪರರ ಅನುಪಸ್ಥಿತಿಯ ದೆಸೆಯಿಂದ ಬಡ್ಡಿ ಬೆಳೆಯಕೂಡದೆಂಬುದು ಇದರ ತಾತ್ಪರ್ಯ. ಹಾಗೆಯೇ ಕೊಡಬಂದ ಹಣವನ್ನು ಧನಿಕನು ತೆಗೆದುಕೊಳ್ಳದಿದ್ದರೆ ಅದನ್ನು ಮಧ್ಯಸ್ಥನಲ್ಲಿ ಇಡಬಹುದು; ಅಂದಿನಿಂದ ಬಡ್ಡಿ ನಿಲ್ಲುವುದು. ಇಂದಿನ ಆಸ್ತಿ ವರ್ಗಾವಣೆಯ ಶಾಸನದ ೮೩ ಮತ್ತು ೮೪ನೆಯ ಕಲಮುಗಳಲ್ಲಿ ಮಧ್ಯಸ್ಥನ ಸ್ಥಾನದಲ್ಲಿ ನ್ಯಾಯಾಲಯವು ಬಂದಿರುವುದು, ನ್ಯಾಯವು ಅದೇ.

ಮನೆ ಮಾರುವವನಿಗೆ ಒದಗುವ ಮೊದಲನೆಯ ಹಣವು ಸಾಮಾನ್ಯವಾಗಿ ಸಾಲವಲ್ಲ, ಕೊಳ್ಳುವವನು ಕೊಡುವ ಮುಂಗಡ. ಇದಕ್ಕೆ ಕನ್ನಡದಲ್ಲಿ ಸಂಚಕಾರವೆಂಬ ಹಳೆಯ ಹೆಸರುಂಟು. ಸಂಸ್ಕೃತದ ‘ಸತ್ಯಂಕಾರ’ ಶಬ್ದದ ತದ್ಭವವಿದು. ಮಾತನ್ನು ಸತ್ಯಮಾಡುವುದೆಂದು ಅರ್ಥ. ಕ್ರಯವಿಕ್ರಯದ ಮಾತು ನಿಲ್ಲುವಂತೆ ಉಂಗುರ ಮೊದಲಾದದ್ದನ್ನು ಕೊಟ್ಟಿದ್ದರೆ, ಕೊಟ್ಟವನು ಮಾತು ತಪ್ಪಿದಲ್ಲಿ ಅದನ್ನು ಬಿಡಬೇಕು, ಪಡೆದವನು ತಪ್ಪಿದಲ್ಲಿ ಇಮ್ಮಡಿಯಾಗಿ ಹಿಂದಕ್ಕೆ ಕೊಡಬೇಕೆಂದು ಮಿತಾಕ್ಷರೆಯಲ್ಲಿದೆ. ಕೈಗೆ ಬಂದ ಸಂಚಕಾರವನ್ನು ಮದುವೆಗೋ ಆಸ್ಪತ್ರೆಗೋ ವೆಚ್ಚಮಾಡಿಬಿಟ್ಟ ಮೇಲೆ ದಾಯಾದಿಯೊಬ್ಬನು ರುಜು ಹಾಕುವುದಿಲ್ಲವೆಂದರೆ, ಪಡೆದವನ ಪಾಡೇನು? ಕನ್ನಡದಲ್ಲಿ ‘ಪ್ರಾಣಕ್ಕೆ ಸಂಚಕಾರ ಬಂತು’ ಎಂಬ ಮಾತೂ ಉಂಟು. ಒಂದೇ ಶಬ್ದಕ್ಕೆ ಈ ಎರಡರ್ಥಗಳು ಹೇಗೆ ಕೂಡಿಬಂದುವೆಂಬುದನ್ನು ಭಾಷಾಶಾಸ್ತ್ರಜ್ಞರು ನಿರ್ಣಯಿಸಲಿ. ಮುಂಗಡವನ್ನು ತಿಂದು ಮನೆ ಮಾರಲಾರದೆ ಹೋದವನಿಗೆ ಅದರಲ್ಲಿ ಆಶ್ಚರ್ಯವೇನೂ ತೋರದು.

ಇನ್ನು ಹಲವು ಮನೆತನಗಳನ್ನು ನುಂಗಿದ ಪದ್ಧತಿಗೆ ಬರೋಣ. ಅದು ಮುದ್ದತು ಕ್ರಯ. ಅವಧಿ ಕ್ರಯವೆಂದೂ ಕರೆಯುವರು. ಮುಂಬಯಿ ಪ್ರಾಂತದಲ್ಲಿ ಇದಕ್ಕೆ ಗಹಾಣ ಲಹಾಣವೆಂದೂ, ಬಂಗಾಳ ಮತ್ತು ಉತ್ತರ ಹಿಂದೂಸ್ಥಾನದಲ್ಲಿ ಬೈ-ಬಿಲ್-ವಫಾ ಎಂದೂ ಹೆಸರು. ಬಡ್ಡಿಯನ್ನು ನಿಷೇಧಿಸಿದ ಮುಸಲ್ಮಾನ ಧರ್ಮಶಾಸ್ತ್ರದ ಎಲ್ಲೆಯೊಳಗೆ ಸಾಲದ ವ್ಯವಹಾರ ನಡೆಯಲು ಈ ಕೊನೆಯದು ಒಂದು ಮಾರ್ಗವಾಗಿತ್ತು. ಕ್ರಮವಿಷ್ಟೆ: ಋಣಿಕನು ಸಾಲಪತ್ರ ಬರೆಯುವುದಿಲ್ಲ, ಕ್ರಯಪತ್ರವನ್ನೇ ಬರೆಯುವನು, ಇಂತಹ ದಿನದೊಳಗೆ ಹಣ ಕೊಟ್ಟರೆ ಮನೆಯನ್ನು ಹಿಂದಕ್ಕೆ ಕೊಡತಕ್ಕದ್ದೆಂದು ಷರತ್ತಿರುವುದು, ದಿನ ತಪ್ಪಿದರೆ ಕ್ರಯವೇ ಸ್ಥಿರವಾಗುವುದು. ಸಾವಿರ ವರಹದ ಮನೆಯ ಮೇಲೆ ಮುನ್ನೂರು ವರಹ ಪಡೆದವನು ಒಂದು ದಿನ ತಡಮಾಡಿದರೆ ಉಳಿದ ಏಳುನೂರೂ ಹೋದಂತೆ. ಮನೆ ಮಾರಿ ತೀರಿಸುವೆನೆಂಬ ಭರವಸೆಯ ಮೇಲೆ ಸಾಲ ಪಡೆದವನಿಗೆ ಇದರಷ್ಟು ಕ್ರೂರವಾದ ಕರಾರು ಮತ್ತೊಂದಿಲ್ಲ. ಕೊಳ್ಳುವವನು ಬರುವ ದಿನವು ಅವನ ಕೈಯಲ್ಲಿಲ್ಲ. ಧನಿಕನಿಗಾದರೋ ಆ ದಿನವು ತಡವಾದಷ್ಟೂ ಲಾಭ.

ಈ ಕ್ರೌರ್ಯವು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳ ಗಮನಕ್ಕೆ ಮೊದಲು ಬಂದುದು ಬಂಗಾಳದಲ್ಲಿ. ೧೭೯೮ರ ಒಂದನೆಯ ರೆಗ್ಯುಲೇಷನ್ನಿನಿಂದ, ಋಣಿಕನು ಅವಧಿಯೊಳಗೆ ಹಣವನ್ನು ನ್ಯಾಯಾಲಯದಲ್ಲಿ ಕಟ್ಟಿ ತನ್ನ ಹಕ್ಕನ್ನು ಉಳಿಸಿಕೊಳ್ಳಬಹುದೆಂದಾಯಿತು. ಧನಿಕನು ತಲೆಮರೆಸಿಕೊಂಡು ದಿನ ಕಳೆಯುವ ಉಪಾಯಕ್ಕೆ ಇದರಿಂದ ತಡೆಯುಂಟಾಯಿತು. ೧೮೦೬ರ ಹದಿನೇಳನೆಯ ರೆಗ್ಯುಲೇಷನ್ನು ಇನ್ನೂ ಮುಂದೆ ಹೋಯಿತು: ಕ್ರಯವನ್ನು ಸ್ಥಿರಮಾಡಿಕೊಳ್ಳಬೇಕೆನ್ನುವ ಧನಿಕನು ನ್ಯಾಯಾಲಯಕ್ಕೆ ಅರ್ಜಿ ಕೊಡಬೇಕು, ಋಣಿಕನಿಗೆ ನೋಟೀಸು ಮುಟ್ಟಬೇಕು, ಅಲ್ಲಿಂದ ಒಂದು ವರ್ಷದವರೆಗೆ ಅವನಿಗೆ ಬಿಡಿಸಿಕೊಳ್ಳುವ ಅವಕಾಶವಿರಬೇಕು. ಬೃಹಸ್ಪತಿಯ ಹದಿನಾಲ್ಕು ದಿನವು ಇಲ್ಲಿ ಒಂದು ವರ್ಷವಾಯಿತು. ಒಂದು ವರ್ಷವೆಂದರೆ ಮನೆಗೆ ಯೋಗ್ಯ ಬೆಲೆ ಕೊಡುವವನನ್ನು ಹುಡುಕಲು ಸಾಕಾದ ಕಾಲ.

ಆದರೆ ಈ ರೆಗ್ಯುಲೇಷನ್ನುಗಳ ಫಲವು ಕನ್ನಡಿಗರಿಗೆ ದೊರೆಯಲಿಲ್ಲ. ಆಗ ಬಳ್ಳಾರಿಯೂ ಮಂಗಳೂರೂ ಮದರಾಸಿಗೆ, ಧಾರವಾಡ ಬೆಳಗಾವಿ ವಿಜಾಪುರಗಳು ಮುಂಬಯಿಗೆ ಸೇರಿದ್ದುವು. ಮುಂಬಯಿಯ ಹೈಕೋರ್ಟು ೧೮೬೪ರಲ್ಲಿ ಗಹಾಣ ಲಹಾಣವು ನಿಜವಾಗಿ ಒತ್ತೆಯೇ ಎಂದೂ ಅವಧಿ ಮೀರಿದರೂ ಬಿಡಿಸಿಕೊಳ್ಳಬಹುದೆಂದೂ ತೀರ್ಪಿತ್ತಿತು. ಮದರಾಸಿನ ಸದರ ಅದಾಲತು ೧೮೫೮ರಿಂದ ಅದೇ ದಾರಿಯನ್ನು ಹಿಡಿದಿತ್ತು. ಆದರೆ ಮದರಾಸಿನಿಂದ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋದ ಒಂದು ಮೊಕದ್ದಮೆಯಲ್ಲಿ, ೧೮೭೦ರಲ್ಲಿ, ಇಂತಹ ಕರಾರನ್ನು ಬರೆದ ಅಕ್ಷರದಂತೆಯೇ ನಡೆಸಬೇಕು, ಇಂಗ್ಲೆಂಡಿನ ಋಣವಿಮೋಚನೆಯ ತತ್ತ್ವವನ್ನು ಇದಕ್ಕೆ ಅನ್ವಯಿಸಲಾಗದು ಎಂದು ನಿರ್ಣಯವಾಯಿತು. ಹೀಗಾಗಿ ತುಂಗಭದ್ರೆಯ ಒಂದು ದಡದಲ್ಲಿ ಉಳಿಯಬಹುದಾಗಿದ್ದ ಮನೆಯು, ಅಂತಹದೇ ಕರಾರಿನ ಮೇಲೆ, ಇನ್ನೊಂದು ದಡದಲ್ಲಿ ಹೋಗಬಹುದಾಗಿತ್ತು.

ಇಂಗ್ಲೆಂಡಿನ ತತ್ತ್ವವೆಂದರೆ ಏನು? ಅಲ್ಲಿ ಒತ್ತೆಗೆ ‘ಮಾರ್ಟ್‌ಗೇಜ್’ ಎಂದು ಹೆಸರು; ಸತ್ತ ಒತ್ತೆ ಎಂದು ಶಬ್ದಾರ್ಥ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಗ್ಲಾನ್‌ವಿಲ್ಲನ ಹೆಸರಿನಲ್ಲಿ ಹುಟ್ಟಿದ ಗ್ರಂಥವು, ಭೂಮಿಯ ಫಲವು ಅಸಲಿಗೆ ವಜಾ ಆಗದೆ ಹೋದರೆ ಅದು ಸತ್ತ ಒತ್ತೆಯೆಂದು ಹೇಳುವುದು. ಹದಿನೈದನೆಯ ಶತಮಾನದ ಲಿಟಲ್‌ಟನ್ನನು, ದಿನಕ್ಕೆ ಸರಿಯಾಗಿ ಹಣ ಕೊಡದಿದ್ದರೆ ಭೂಮಿಯು ಋಣಿಕನ ಪಾಲಿಗೆ ಸತ್ತಂತೆ ಎಂದು ಅರ್ಥೈಸಿದನು. ಈ ಕಠೋರತೆಯನ್ನು ತಗ್ಗಿಸಿದುದು ಚಾನ್ಸರಿ ನ್ಯಾಯಾಲಯ. ಕರಾರಿನ ಮಾತು ಏನೇ ಇರಲಿ, ಉದ್ದೇಶವು ಸಾಲದ ಭದ್ರತೆಯಾಗಿದ್ದಲ್ಲಿ ಅದು ಒತ್ತೆಯೇ. ಒಮ್ಮೆ ಒತ್ತೆಯಾದದ್ದು ಎಂದಿಗೂ ಒತ್ತೆಯೇ. ದಿನ ಕಳೆದರೂ ಹಣ ಕೊಟ್ಟು ಬಿಡಿಸಿಕೊಳ್ಳಬಹುದು ಎಂಬ ನ್ಯಾಯವನ್ನು ಹದಿನೇಳನೆಯ ಶತಮಾನದಿಂದೀಚೆಗೆ ಅದು ಸ್ಥಿರಪಡಿಸಿತು.

೧೮೮೨ರ ಆಸ್ತಿ ವರ್ಗಾವಣೆಯ ಶಾಸನವು ಈ ನ್ಯಾಯವನ್ನು ಹಿಂದೂಸ್ಥಾನಕ್ಕೆ ತಂದಿತು; ಮುಂಬಯಿ ಪ್ರಾಂತಕ್ಕೆ ಅದು ೧೮೯೩ರಲ್ಲಿ ವಿಸ್ತರಿಸಿತು. ಅದರ ೫೮ನೆಯ ಕಲಮಿನಲ್ಲಿ ಭೋಗ್ಯ, ಷರತ್ತಿನ ಕ್ರಯ ಮೊದಲಾದ ಒತ್ತೆಯ ಪ್ರಕಾರಗಳನ್ನು ಎಣಿಸಿದೆ. ೬೦ನೆಯ ಕಲಮಿನಲ್ಲಿ ಬಿಡಿಸಿಕೊಳ್ಳುವ ಹಕ್ಕನ್ನು ಹೇಳಿದೆ. ಇನ್ನು ಮೇಲೆ ಷರತ್ತಿನ ಕ್ರಯವು ತಾನಾಗಿಯೇ ಸ್ಥಿರವಾಗಲಾರದು. ಧನಿಕನು ದಾವೆ ಹೂಡಬೇಕು. ನ್ಯಾಯಾಲಯವು ಲೆಕ್ಕ ನೋಡಿ, ಹಣ ಕಟ್ಟಲು ಆರು ತಿಂಗಳವರೆಗೆ ಅವಧಿಯಿಡುವುದು. ದಖ್ಖನಿನ ೧೮೭೫ರ ಸಾಲದ ದಂಗೆಗಳ ಪರಿಣಾಮವಾಗಿ ಹುಟ್ಟಿದ ೧೮೭೯ರ ಶಾಸನವು ಒಕ್ಕಲಿಗರ ಮಟ್ಟಿಗೆ ಮತ್ತಷ್ಟು ಉದಾರವಾಗಿದ್ದಿತು; ಅದಕ್ಕೆ ಅನಂತರ ಸೇರಿದ ಕಲಮೊಂದರ ಮೇರೆಗೆ, ಕಾಗದದಲ್ಲಿ ಶುದ್ಧ ಕ್ರಯವೆಂದಿದ್ದರೂ ನಿಜವಾಗಿ ಅದು ಸಾಲವೇ ಎಂಬುದನ್ನು ಬಾಯಿಮಾತಿನ ಸಾಕ್ಷ್ಯದಿಂದ ತೋರಿಸಬಹುದಾಗಿತ್ತು.

ಕಾನೂನು ಬಿಗಿಯಾದಂತೆಲ್ಲ ಧನಿಕರ ಜಾಣ್ಮೆಯೂ ಬೆಳೆಯಿತು. ಕ್ರಯಪತ್ರವನ್ನು ಒಂದು ಕಾಗದದಲ್ಲಿಯೂ ಹಿಂದಕ್ಕೆ ಕೊಡುವ ಕರಾರನ್ನು ಬೇರೊಂದು ಕಾಗದದಲ್ಲಿಯೂ ಬರೆಯಿಸುವ ವಾಡಿಕೆ ಇದ್ದಿತು. ಇವೆರಡೂ ಕೂಡಿ ಒತ್ತೆಯಾಗುವುದೇ ಅಲ್ಲವೇ ಎಂಬ ವ್ಯಾಜ್ಯಗಳನ್ನು ನಿಲ್ಲಿಸಲು, ೧೯೨೯ರ ತಿದ್ದುಪಡಿಯಲ್ಲಿ, ಷರತ್ತು ಕ್ರಯಪತ್ರದೊಳಗೇ ಇಲ್ಲದಿದ್ದರೆ ಅದನ್ನು ಒತ್ತೆಯೆಂದು ಭಾವಿಸತಕ್ಕದ್ದಲ್ಲವೆಂದು ವಿಧಿಸಿದರು. ವ್ಯಾಜ್ಯ ಕಡಿಮೆಯಾದುದು ನಿಜ. ಆದರೆ ತಿಳಿಯದವನಿಗೆ ಇದು ಉರುಳಾಯಿತು. ‘ಇದು ಬರಿಯ ಕಾಗದಕ್ಕೆ; ಹಣ ಕೊಟ್ಟಾಗ ಮನೆಯನ್ನು ತಿರುಗಿ ಬರೆದುಕೊಡುವೆವು’ ಎಂಬ ಮಾತನ್ನು ನಂಬಿ ಶುದ್ಧ ಕ್ರಯಪತ್ರಕ್ಕೆ ರುಜು ಹಾಕುವವರು ಇಂದಿಗೂ ಇದ್ದಾರೆ. ಈ ವಿಧಿಯೂ ಇಂದಿಗೂ ಹಾಗೆಯೇ ಇದೆ.

ಕ್ರಯವನ್ನೂ ಭೋಗ್ಯವನ್ನೂ ಬಿಟ್ಟು ಅಲ್ಪಕಾಲದ ಸಾಲಕ್ಕೆ ಹೆಚ್ಚು ಅನುಕೂಲವಾದ ಮಾರ್ಗವೊಂದು ವ್ಯಾಪಾರದ ಪಟ್ಟಣಗಳಲ್ಲಿ ಬೆಳೆಯಿತು. ಮನೆಯ ಹಕ್ಕುಪತ್ರಗಳನ್ನು ಧನಿಕನ ವಶಕ್ಕೆ ಕೊಟ್ಟು, ಸಾಲ ತೀರಿಸಿ ಹಿಂದಕ್ಕೆ ಪಡೆಯುವುದೇ ಅದು. ಇಂಗ್ಲೆಂಡಿನಲ್ಲಿ ೧೭೮೩ರ ಒಂದು ತೀರ್ಪಿನಿಂದ ಇದಕ್ಕೆ ಮಾನ್ಯತೆ ದೊರೆಯಿತು. ಮದರಾಸಿನ ಒಂದು ಮೊಕದ್ದಮೆಯಲ್ಲಿ ೧೮೬೨ರಲ್ಲಿ ಪ್ರಿವಿ ಕೌನ್ಸಿಲೂ ಇದನ್ನು ಒಪ್ಪಿತು. ೧೮೮೨ರ ಶಾಸನವು ಕಲ್ಕತ್ತ, ಮದರಾಸು, ಮುಂಬಯಿ ಮೊದಲಾದ ಕೆಲವೇ ಪಟ್ಟಣಗಳಲ್ಲಿ ಇದಕ್ಕೆ ಅವಕಾಶವಿತ್ತು, ಮುಂದೆ ಸರಕಾರವು ಪ್ರಕಟಿಸಿದ ಊರುಗಳಿಗೆ ವಿಸ್ತರಿಸುವಂತೆ ಮಾಡಿತು. ಪತ್ರ ಕೊಟ್ಟ ಸ್ಥಳವು ಅಂತಹ ಪಟ್ಟಣವಾಗಿರಬೇಕೇ ಹೊರತು ಮನೆ ಅಲ್ಲಿಯೇ ಇರಬೇಕೆಂದಿಲ್ಲ. ಇದರಲ್ಲಿ ಋಣಿಕನು ಮನೆಯನ್ನು ಬಿಡಬೇಕಾಗಿಲ್ಲ, ಮನೆಯ ಒಡೆತನವು ಕೈಬದಲಾಗುವುದೂ ಇಲ್ಲ. ಇಂದಿನ ಬ್ಯಾಂಕುಗಳ ಗೃಹಸಾಲಗಳಲ್ಲಿ ಬಹುಭಾಗವು ಈ ಬಗೆಯ ಒತ್ತೆಯ ಮೇಲೆಯೇ ನಿಂತಿದೆ.

ಸೇತುಸಾಲದ ತಳಹದಿಯೂ ಇದೇ. ಹೊಸ ಮನೆಯನ್ನು ಕೊಳ್ಳುವವನಿಗೆ, ಹಳೆಯ ಮನೆ ಮಾರುವವರೆಗೆ, ಬ್ಯಾಂಕು ಸಾಮಾನ್ಯವಾಗಿ ಒಂದೆರಡು ವರ್ಷಗಳ ಅವಧಿಗೆ ಹಣ ಕೊಡುವುದು. ಹಳೆಯ ಮನೆಯ ಕ್ರಯದ ಹಣದಿಂದ ಅಸಲು ತೀರಬೇಕು. ಉದಾಹರಣೆಗೆ ಎಂಬತ್ತು ಲಕ್ಷ ರೂಪಾಯಿನ ಮನೆಯ ಮೇಲೆ ನಲವತ್ತು ಲಕ್ಷವನ್ನು ನೂರಕ್ಕೆ ೧೨ರ ಬಡ್ಡಿಗೆ ಪಡೆದರೆ, ತಿಂಗಳಿಗೆ ೪೦,೦೦೦ ರೂಪಾಯಿ ಬಡ್ಡಿ. ಆರು ತಿಂಗಳಲ್ಲಿ ಮಾರಿದರೆ ೨,೪೦,೦೦೦. ಹದಿನೆಂಟು ತಿಂಗಳಾದರೆ ೭,೨೦,೦೦೦. ಸಾಲಕ್ಕೆ ಹೆದರಿ ಅದೇ ಮನೆಯನ್ನು ಅವಸರದಿಂದ ನೂರಕ್ಕೆ ಹತ್ತು ಕಡಿಮೆಗೆ ಮಾರಿದವನಿಗೆ ೮,೦೦,೦೦೦ ನಷ್ಟ. ಕಾಯುವುದಕ್ಕೂ ಬೆಲೆಯುಂಟು, ಕಾಯದಿರುವುದಕ್ಕೂ ಬೆಲೆಯುಂಟು. ಎರಡನ್ನೂ ಲೆಕ್ಕಹಾಕದೆ ಒಂದನ್ನು ಹಿಡಿಯುವುದು ಗೃಹಸ್ಥನಿಗೆ ಸಲ್ಲದು.

ಭೋಗ್ಯವೂ ಅಳಿದಿಲ್ಲ. ಬೆಂಗಳೂರಿನ ಬೀದಿಗಳಲ್ಲಿ ‘ಮನೆ ಭೋಗ್ಯಕ್ಕಿದೆ’ ಎಂಬ ಹಲಗೆಯನ್ನು ಕಾಣದವರಾರು? ವಿಜ್ಞಾನೇಶ್ವರನ ಶಬ್ದವು ಒಂಬತ್ತು ಶತಮಾನಗಳಾದ ಮೇಲೆ ಗೇಟಿಗೆ ತೂಗುಬಿದ್ದಿರುವುದು! ಮನೆಯವನು ದೊಡ್ಡದೊಂದು ಮೊತ್ತವನ್ನು ಒಮ್ಮೆಗೆ ಪಡೆಯುವನು. ಬಂದವನು ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸಮಾಡಿ, ಹೊರಡುವಾಗ ಕೊಟ್ಟ ಮೊತ್ತವನ್ನು ಹಿಂದಕ್ಕೆ ಪಡೆಯುವನು. ಬಡ್ಡಿಗೂ ಬಾಡಿಗೆಗೂ ಸರಿ. ಆದರೆ ಮನೆಯನ್ನು ಮಾರಲು ಕಾದಿರುವವನಿಗೆ ಇದು ಹಣವನ್ನು ತರುವುದಾದರೂ ಮಾರಾಟವನ್ನು ಹಿಂದಕ್ಕೆ ತಳ್ಳುವುದು. ಭೋಗ್ಯದವರಿರುವ ಮನೆಗೆ ಕೊಳ್ಳುವವರು ಸುಲಭವಾಗಿ ಒದಗುವುದಿಲ್ಲ. ಮೊದಲೇ ಬ್ಯಾಂಕಿಗೆ ಒತ್ತೆಯಾಗಿರುವ ಮನೆಯನ್ನು ಅದನ್ನು ಮುಚ್ಚಿ ಭೋಗ್ಯಕ್ಕೆ ಕೊಟ್ಟಲ್ಲಿಯಂತೂ ಹಣ ಕೊಟ್ಟ ನಿರಪರಾಧಿಯು ಬೀದಿಗೆ ಬೀಳುವನು. ಸಕ್ರಮವಾದ ಭೋಗ್ಯದ ಒತ್ತೆಯ ಬಗ್ಗೆ ಸುಪ್ರೀಂ ಕೋರ್ಟು ೨೦೧೪ರಲ್ಲಿ ಕೊಟ್ಟ ತೀರ್ಪು ಇಲ್ಲಿ ಸ್ಮರಣೀಯವಾದುದು. ಬೇರೆ ಒತ್ತೆಗಳನ್ನು ಬಿಡಿಸಿಕೊಳ್ಳಲು ೧೯೬೩ರ ಶಾಸನವಿಟ್ಟಿರುವ ಮೂವತ್ತು ವರ್ಷಗಳ ಗಡುವು ಭೋಗ್ಯದ ಒತ್ತೆಗೆ ಬರೆದ ದಿನದಿಂದ ಓಡಲಾರದು. ಹಣ ತೀರುವವರೆಗೆ ಅದು ಒತ್ತೆಯೇ ಎಂದು ನಿರ್ಣಯವಾಯಿತು. ಫಲಭೋಗ್ಯವು ಎಂದಿಗೂ ಕೈಬಿಡದೆಂಬ ಯಾಜ್ಞವಲ್ಕ್ಯನ ಮಾತಿಗೆ ಇದಕ್ಕಿಂತ ಹತ್ತಿರವಾದ ತೀರ್ಪು ಮತ್ತೊಂದಿರಲಾರದು.

ಆದರೆ ಅವಧಿಯ ಇತಿಹಾಸವು ಒಂದೇ ದಿಕ್ಕಿಗೆ ಹರಿಯುತ್ತಿಲ್ಲ. ಬ್ಯಾಂಕುಗಳ ಬಾಕಿಯ ವಸೂಲಿಗಾಗಿ ೨೦೦೨ರಲ್ಲಿ ಆದ ಸರ್ಫೇಸಿ ಶಾಸನದ ಮೇರೆಗೆ, ಸಾಲವು ಕೆಟ್ಟ ಸಾಲವೆಂದು ಗಣನೆಗೆ ಬಂದ ಮೇಲೆ ಅರುವತ್ತು ದಿನಗಳ ನೋಟೀಸು ಕೊಟ್ಟು, ದಾವೆಯಿಲ್ಲದೆಯೇ ಮನೆಯನ್ನು ವಶಪಡಿಸಿಕೊಂಡು ಮಾರಬಹುದು. ಅದಕ್ಕೆ ೨೦೧೬ರಲ್ಲಾದ ತಿದ್ದುಪಡಿಯಿಂದ, ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಡುವವರೆಗೆ ಮಾತ್ರವೆಂದಾಯಿತು. ೨೦೨೩ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು. ಠೇವಣಿದಾರರ ಹಣವನ್ನು ಕಾಪಾಡಬೇಕಾದ ಬ್ಯಾಂಕಿನ ಕಷ್ಟವನ್ನೂ ನಾವು ಅಲ್ಲಗಳೆಯುವಂತಿಲ್ಲ. ಆದರೂ ಹದಿನಾಲ್ಕು ದಿನದಿಂದ ವರ್ಷಕ್ಕೆ, ವರ್ಷದಿಂದ ನ್ಯಾಯಾಲಯದ ಡಿಕ್ರಿಯವರೆಗೆ ಬೆಳೆದು ಬಂದ ಅವಕಾಶವು ಪುನಃ ಮೊಟಕಾಗಿರುವುದನ್ನು ಸಾಲಕ್ಕೆ ರುಜು ಹಾಕುವವರು ತಿಳಿದಿರಬೇಕು.

ಈ ಎಲ್ಲ ಕಥೆಯಿಂದ ಮನೆ ಮಾರುವವನು ಕಲಿಯತಕ್ಕದ್ದು ಬಹಳವಿಲ್ಲ. ಸಾಲಕ್ಕೆ ಸಾಲಪತ್ರವನ್ನೇ ಬರೆಯಬೇಕು, ಕ್ರಯಪತ್ರವನ್ನು ಬರೆಯಬಾರದು. ಸಂಚಕಾರವನ್ನು ಕ್ರಯ ಮುಗಿಯುವವರೆಗೆ ಪರರ ಹಣವೆಂದೇ ಭಾವಿಸಬೇಕು. ಕೊಳ್ಳುವವನು ಬರುವನೆಂದು ತೋರಿದ ಕಾಲಕ್ಕಿಂತ ಇಮ್ಮಡಿ ಅವಧಿಯನ್ನು ಸಾಲಕ್ಕೆ ಕೇಳಿ ಪಡೆಯಬೇಕು. ಅವಧಿಯೇ ಇಲ್ಲಿ ನಿಜವಾದ ಧನ. ಸಾಲ ಕೊಡುವವನಿಗೂ ಒಂದು ಮಾತುಂಟು. ಮಾರಿ ತೀರಿಸಲು ಸಿದ್ಧನಾಗಿ ನಿಂತವನ ಮೇಲೆ ಬಡ್ಡಿ ಬೆಳೆಯಗೊಡಬಾರದು, ಹಣ ತಂದವನಿಗೆ ಒತ್ತೆಯನ್ನು ತಡೆಯಬಾರದು ಎಂದು ಕಲ್ಯಾಣದಲ್ಲಿ ಕುಳಿತು ಬರೆದ ಕನ್ನಡ ನಾಡಿನ ಪಂಡಿತನಿಗೆ, ಬ್ಯಾಂಕೂ ತಿಳಿಯದು, ಹರಾಜಿನ ಪ್ರಕಟಣೆಯೂ ತಿಳಿಯದು. ಆದರೆ ಮನೆ ಮಾರಲು ಕುಳಿತ ಸಂಸಾರದ ಕಷ್ಟವು ಅವನಿಗೆ ಚೆನ್ನಾಗಿ ತಿಳಿದಿದ್ದಿತು.